ಮೈಕೆಲ್ ಬುವೊನೊಕೋರ್

ಮೈಕೆಲ್ ಜಿ. ಬುವೊನೊಕೋರ್ (1918–1981) ಅಮೆರಿಕದ ದಂತವೈದ್ಯರು ಮತ್ತು ದಂತವಸ್ತುಗಳ ಸಂಶೋಧಕರು. ಹಲ್ಲಿನ ಹೊರಕವಚವಾದ ಎನಾಮೆಲ್‌ನ ಮೇಲ್ಮೈಯನ್ನು ಫಾಸ್ಫಾರಿಕ್ ಆಮ್ಲದಿಂದ ಸೂಕ್ಷ್ಮವಾಗಿ ಒರಟಾಗಿಸಿ, ಅದರ ಮೇಲೆ ಕೃತಕ ರಾಳವನ್ನು ಗಟ್ಟಿಯಾಗಿ ಅಂಟಿಸಬಹುದೆಂದು ಅವರು 1955ರಲ್ಲಿ ತೋರಿಸಿಕೊಟ್ಟರು. ಆಮ್ಲ ಎಚಿಂಗ್ ಎಂದು ಕರೆಯಲಾಗುವ ಈ ವಿಧಾನವು ಹಲ್ಲಿನ ಬಣ್ಣದ ಭರ್ತಿ, ದವಡೆ ಹಲ್ಲಿನ ಬಿರುಕುಗಳನ್ನು ಮುಚ್ಚುವ ಲೇಪ, ಮುರಿದ ಮುಂಹಲ್ಲಿನ ದುರಸ್ತಿ, ವಕ್ರದಂತ ಚಿಕಿತ್ಸೆಯಲ್ಲಿ ಬ್ರಾಕೆಟ್‌ಗಳನ್ನು ಹಲ್ಲಿಗೆ ನೇರವಾಗಿ ಅಂಟಿಸುವುದು ಮುಂತಾದ ಅನೇಕ ಚಿಕಿತ್ಸೆಗಳಿಗೆ ತಳಹದಿಯಾಗಿದೆ. ಅಂಟು ದಂತವೈದ್ಯಕೀಯದ ಪಿತಾಮಹರೆಂದು ಅವರನ್ನು ಗುರುತಿಸಲಾಗುತ್ತದೆ. ಇತ್ತೀಚಿನ ದಶಕಗಳಲ್ಲಿ ಆಮ್ಲದ ಬದಲು ಲೇಸರ್ ಕಿರಣದಿಂದ ಎನಾಮೆಲ್ಲನ್ನು ಸಿದ್ಧಗೊಳಿಸುವ ಪ್ರಯತ್ನಗಳು ನಡೆದಿವೆ. ಆ ಪ್ರಯೋಗಗಳೂ ಬುವೊನೊಕೋರ್ ಅವರ ವಿಧಾನವನ್ನೇ ಅಳತೆಗೋಲಾಗಿ ಇಟ್ಟುಕೊಂಡಿವೆ.

ಹಿನ್ನೆಲೆ

ಬುವೊನೊಕೋರ್ ಅವರ ಕೆಲಸದ ಮಹತ್ವ ತಿಳಿಯಬೇಕಾದರೆ ಅವರಿಗಿಂತ ಹಿಂದಿನ ದಂತಚಿಕಿತ್ಸೆಯ ಸ್ಥಿತಿಯನ್ನು ಅರಿಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಹಲ್ಲು ತುಂಬುವ ಕ್ರಮವನ್ನು ನಿರ್ಧರಿಸಿದವರು ಅಮೆರಿಕದ ಜಿ. ವಿ. ಬ್ಲ್ಯಾಕ್ (1836–1915). ಬೆಳ್ಳಿ ಮಿಶ್ರಲೋಹವಾಗಲಿ ಚಿನ್ನವಾಗಲಿ ಹಲ್ಲಿಗೆ ಅಂಟುವುದಿಲ್ಲ. ಆದ್ದರಿಂದ ಕುಳಿಯ ಬಾಯಿ ಕಿರಿದಾಗಿ ತಳ ಅಗಲವಾಗಿರುವಂತೆ ಕೊರೆದು, ತುಂಬಿದ ವಸ್ತು ಹೊರಬೀಳದಂತೆ ಅಲ್ಲಿ ಸಿಕ್ಕಿಸಬೇಕಾಗಿತ್ತು. ಮುಂದೆ ಹುಳುಕು ಹರಡಬಾರದೆಂಬ ಮುಂಜಾಗ್ರತೆಯಿಂದ ಅಕ್ಕಪಕ್ಕದ ಆರೋಗ್ಯವಂತ ಭಾಗವನ್ನೂ ಕೊರೆದು ಕುಳಿಯನ್ನು ವಿಸ್ತರಿಸಲಾಗುತ್ತಿತ್ತು. ಸಣ್ಣ ಹುಳುಕಿಗೂ ಹಲ್ಲಿನ ದೊಡ್ಡ ಭಾಗವನ್ನು ಬಲಿಕೊಡುವ ಈ ಪದ್ಧತಿಗೆ ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ರೂಪುಗೊಂಡ, ಬಾಯಿಯೊಳಗೇ ತಾನಾಗಿ ಗಟ್ಟಿಯಾಗುವ ಅಕ್ರಿಲಿಕ್ ರಾಳವು ಹಲ್ಲಿನ ಬಣ್ಣಕ್ಕೆ ಹೊಂದುತ್ತಿದ್ದುದರಿಂದ ಹೊಸ ಭರವಸೆ ಮೂಡಿಸಿತು. ಆದರೆ ಈ ರಾಳ ಗಟ್ಟಿಯಾಗುವಾಗ ಕುಗ್ಗುತ್ತದೆ. ಬಿಸಿ ಚಹಾ ಕುಡಿದಾಗ ಹಲ್ಲಿಗಿಂತ ಹೆಚ್ಚು ಹಿಗ್ಗುತ್ತದೆ, ತಣ್ಣೀರು ಕುಡಿದಾಗ ಹೆಚ್ಚು ಕುಗ್ಗುತ್ತದೆ. ಭರ್ತಿಯ ಅಂಚಿನಲ್ಲಿ ಸೂಕ್ಷ್ಮ ಸಂದು ಬಿಟ್ಟು, ಅಲ್ಲಿ ಎಂಜಲೂ ಬ್ಯಾಕ್ಟೀರಿಯಾಗಳೂ ಇಳಿದು, ಕೆಲವೇ ಕಾಲದಲ್ಲಿ ಅಂಚು ಕಪ್ಪಾಗಿ ಒಳಗೆ ಮತ್ತೆ ಹುಳುಕು ಹಿಡಿಯುತ್ತಿತ್ತು. ಸ್ವಿಟ್ಜರ್ಲೆಂಡ್‌ನ ರಸಾಯನಶಾಸ್ತ್ರಜ್ಞ ಆಸ್ಕರ್ ಹ್ಯಾಗರ್ 1949ರಲ್ಲಿ ಹಲ್ಲಿಗೆ ಅಂಟುವ ಗುಣವುಳ್ಳ ಆಮ್ಲೀಯ ರಾಳವೊಂದಕ್ಕೆ ಪೇಟೆಂಟ್ ಕೋರಿದ್ದರು. ಅವರ ಗಮನವೆಲ್ಲ ಅಂಟಿನ ರಾಸಾಯನಿಕ ಸ್ವರೂಪದ ಮೇಲಿತ್ತು. ಬುವೊನೊಕೋರ್ ಅವರು ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಅಂಟನ್ನು ಬದಲಿಸುವ ಬದಲು ಹಲ್ಲಿನ ಮೇಲ್ಮೈಯನ್ನೇ ಬದಲಿಸಿದರೆ ಏನಾದೀತು ಎಂಬುದು ಅವರ ವಿಚಾರವಾಗಿತ್ತು.

ರಾಚೆಸ್ಟರ್‌ನ ವರ್ಷಗಳು

ಬುವೊನೊಕೋರ್ ಅವರ ವೃತ್ತಿಜೀವನವು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಈಸ್ಟ್‌ಮನ್ ಡೆಂಟಲ್ ಡಿಸ್ಪೆನ್ಸರಿಯೊಂದಿಗೆ ಬೆಸೆದುಕೊಂಡಿದೆ. ಕೊಡಾಕ್ ಕ್ಯಾಮೆರಾ ಕಂಪನಿಯ ಸ್ಥಾಪಕ ಜಾರ್ಜ್ ಈಸ್ಟ್‌ಮನ್ ನೀಡಿದ ದೇಣಿಗೆಯಿಂದ 1917ರಲ್ಲಿ ತೆರೆದ ಈ ಸಂಸ್ಥೆಯ ಮೂಲ ಉದ್ದೇಶ ಬಡ ಮಕ್ಕಳ ಹಲ್ಲಿನ ಆರೈಕೆ. ಮುಂದೆ ಇದೇ ಈಸ್ಟ್‌ಮನ್ ಡೆಂಟಲ್ ಸೆಂಟರ್ ಆಯಿತು. ಬುವೊನೊಕೋರ್ ಅವರ ಸಂಶೋಧನೆಗಳಲ್ಲಿ ಮಕ್ಕಳ ದವಡೆ ಹಲ್ಲುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಈ ಪರಿಸರವೂ ಕಾರಣವಿರಬೇಕು.

1955ರ ಪ್ರಯೋಗ

ಕೈಗಾರಿಕೆಗಳಲ್ಲಿ ಲೋಹದ ತಗಡಿಗೆ ಬಣ್ಣ ಬಳಿಯುವ ಮೊದಲು ಫಾಸ್ಫಾರಿಕ್ ಆಮ್ಲದಿಂದ ತೊಳೆಯುವ ರೂಢಿಯಿತ್ತು. ಹಾಗೆ ಮಾಡಿದರೆ ಬಣ್ಣ ಹೆಚ್ಚು ಕಾಲ ಕಚ್ಚಿಕೊಂಡಿರುತ್ತದೆ. ಇದೇ ಉಪಾಯವನ್ನು ಹಲ್ಲಿಗೆ ಅನ್ವಯಿಸಲು ಬುವೊನೊಕೋರ್ ಮುಂದಾದರು. ಹಲ್ಲನ್ನು ಕರಗಿಸಿ ಹುಳುಕು ಉಂಟುಮಾಡುವುದು ಆಮ್ಲವೇ ಎಂಬುದು ಎಲ್ಲ ದಂತವೈದ್ಯರಿಗೂ ತಿಳಿದಿದ್ದ ಸಂಗತಿ. ಅಂಥ ಆಮ್ಲವನ್ನು ಬೇಕೆಂದೇ ಹಲ್ಲಿಗೆ ಹಚ್ಚುವ ಆಲೋಚನೆ ಆಗ ಎಷ್ಟು ವಿಚಿತ್ರವಾಗಿ ತೋರಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಅವರು ಎರಡು ಬಗೆಯ ದ್ರಾವಣಗಳನ್ನು ಪರೀಕ್ಷಿಸಿದರು. ಒಂದು ಆಕ್ಸಾಲಿಕ್ ಆಮ್ಲ ಬೆರೆಸಿದ ಫಾಸ್ಫೋಮಾಲಿಬ್ಡೇಟ್ ದ್ರಾವಣ. ಇನ್ನೊಂದು ಶೇಕಡಾ 85ರ ಸಾಂದ್ರತೆಯ ಫಾಸ್ಫಾರಿಕ್ ಆಮ್ಲ, ಇದನ್ನು 30 ಸೆಕೆಂಡುಗಳ ಕಾಲ ಹಚ್ಚಲಾಯಿತು. ಪ್ರಯೋಗಕ್ಕೆ ಒಪ್ಪಿದವರ ಬಾಚಿಹಲ್ಲುಗಳ ಹೊರಮೈಯ ಮೇಲೆ ಅಕ್ರಿಲಿಕ್ ರಾಳದ ಪುಟ್ಟ ಹನಿಯನ್ನು ಇರಿಸಿ, ಅದು ಎಷ್ಟು ಹೊತ್ತು ಉಳಿಯುತ್ತದೆ ಎಂದು ಗಮನಿಸಲಾಯಿತು. ಯಾವ ಸಂಸ್ಕಾರವೂ ಇಲ್ಲದ ಹಲ್ಲಿನ ಮೇಲಿನ ಹನಿಗಳು ಗಂಟೆಗಳ ಲೆಕ್ಕದಲ್ಲಿ ಉದುರಿಹೋದವು. ಫಾಸ್ಫಾರಿಕ್ ಆಮ್ಲ ಹಚ್ಚಿದ ಹಲ್ಲಿನ ಮೇಲಿನ ಹನಿಗಳು ವಾರಗಟ್ಟಲೆ ನಿಂತವು. ಎರಡು ದ್ರಾವಣಗಳಲ್ಲಿ ಫಾಸ್ಫಾರಿಕ್ ಆಮ್ಲವೇ ಹೆಚ್ಚು ಪರಿಣಾಮಕಾರಿಯೂ ಬಳಸಲು ಸರಳವೂ ಆಗಿತ್ತು.

ಈ ಫಲಿತಾಂಶ ಜರ್ನಲ್ ಆಫ್ ಡೆಂಟಲ್ ರಿಸರ್ಚ್ ಪತ್ರಿಕೆಯ 1955ರ ಡಿಸೆಂಬರ್ ಸಂಚಿಕೆಯಲ್ಲಿ ಕೇವಲ ಐದು ಪುಟಗಳ ಲೇಖನವಾಗಿ ಪ್ರಕಟವಾಯಿತು. ಅಕ್ರಿಲಿಕ್ ಭರ್ತಿ ಎನಾಮೆಲ್‌ಗೆ ಹೆಚ್ಚು ಅಂಟುವಂತೆ ಮಾಡುವ ಸರಳ ವಿಧಾನ ಎಂಬ ಅರ್ಥದ ಅದರ ಶೀರ್ಷಿಕೆಯಲ್ಲಿ ಯಾವ ಆಡಂಬರವೂ ಇರಲಿಲ್ಲ. ಅಂಟುವಿಕೆ ಹೆಚ್ಚಲು ಅವರು ಹಲವು ಸಂಭಾವ್ಯ ಕಾರಣಗಳನ್ನು ಮುಂದಿಟ್ಟಿದ್ದರು. ಮೇಲ್ಮೈಯ ವಿಸ್ತೀರ್ಣ ಹೆಚ್ಚುವುದು, ಹಳೆಯ ಜಡ ಪದರ ಕಳಚಿ ಹೊಸ ಮೇಲ್ಮೈ ತೆರೆದುಕೊಳ್ಳುವುದು, ಎನಾಮೆಲ್‌ನ ಜೈವಿಕ ಜಾಲ ಹೊರಗೆ ಕಾಣಿಸಿಕೊಳ್ಳುವುದು ಅವುಗಳಲ್ಲಿ ಸೇರಿದ್ದವು. ನಿಜವಾದ ಕಾರಣ ಖಚಿತವಾಗಲು ಇನ್ನೂ ಹದಿಮೂರು ವರ್ಷ ಬೇಕಾಯಿತು.

ಉಪೇಕ್ಷೆಯ ದಶಕ

ಇಂದು ದಂತವೈದ್ಯಕೀಯದ ಅತಿ ಮುಖ್ಯ ಲೇಖನಗಳಲ್ಲಿ ಒಂದೆಂದು ಎಣಿಸಲಾಗುವ ಈ ಬರಹಕ್ಕೆ ಪ್ರಕಟವಾದ ಕಾಲದಲ್ಲಿ ಹೆಚ್ಚಿನ ಮನ್ನಣೆ ದೊರೆಯಲಿಲ್ಲ. ಆರೋಗ್ಯವಂತ ಎನಾಮೆಲ್‌ಗೆ ಸಾಂದ್ರ ಆಮ್ಲ ಹಚ್ಚುವುದಕ್ಕೆ ವೈದ್ಯರಲ್ಲಿದ್ದ ಭಯ ಒಂದು ಕಾರಣ. ಹಲ್ಲು ಮೂಡಿದ ಮೇಲೆ ಎನಾಮೆಲ್‌ನಲ್ಲಿ ಜೀವಕೋಶಗಳು ಇರುವುದಿಲ್ಲ. ಕಳೆದುಹೋದ ಪದರವನ್ನು ದೇಹ ಮತ್ತೆ ಕಟ್ಟಿಕೊಡಲಾರದು. ಆದ್ದರಿಂದ ಆ ಭಯ ನಿರಾಧಾರವೇನೂ ಆಗಿರಲಿಲ್ಲ. ಇನ್ನೊಂದು ಕಾರಣ ಆಗಿನ ಅಕ್ರಿಲಿಕ್ ರಾಳದ ದೌರ್ಬಲ್ಯ. ಅಂಟು ಎಷ್ಟೇ ಚೆನ್ನಾಗಿದ್ದರೂ ಅಂಟಿಸುವ ವಸ್ತುವೇ ಸವೆದುಹೋಗುವಂಥದ್ದಾಗಿದ್ದರೆ ಪ್ರಯೋಜನ ಕಡಿಮೆ. ರಫೇಲ್ ಬೋವೆನ್ ಅವರು ರೂಪಿಸಿದ ಬಿಸ್-ಜಿಎಂಎ ಎಂಬ ಗಟ್ಟಿ ರಾಳಕ್ಕೆ 1962ರಲ್ಲಿ ಪೇಟೆಂಟ್ ದೊರೆತ ಬಳಿಕವೇ ಆಮ್ಲ ಎಚಿಂಗ್‌ಗೆ ತಕ್ಕ ಜೋಡಿ ಸಿಕ್ಕಿತು.

ಈ ನಡುವೆ ಬುವೊನೊಕೋರ್ ಸುಮ್ಮನಿರಲಿಲ್ಲ. 1956ರಲ್ಲಿ ವೈಲ್‌ಮನ್ ಮತ್ತು ಬ್ರುಡೆವೋಲ್ಡ್ ಅವರ ಜೊತೆಗೂಡಿ ಎನಾಮೆಲ್‌ನ ಕೆಳಗಿನ ಡೆಂಟಿನ್ ಪದರಕ್ಕೂ ರಾಳ ಅಂಟಿಸುವ ಪ್ರಯತ್ನ ಮಾಡಿದರು. ಡೆಂಟಿನ್ ತೇವವುಳ್ಳ, ಸೂಕ್ಷ್ಮ ನಾಳಗಳಿಂದ ಕೂಡಿದ ಪದರ. ಅಲ್ಲಿ ಅಂಟು ನೀರಿನ ಸಂಪರ್ಕದಲ್ಲಿ ಬಲ ಕಳೆದುಕೊಂಡಿತು. ಡೆಂಟಿನ್‌ಗೂ ಆಮ್ಲ ಹಚ್ಚಬಹುದೆಂದು 1979ರಲ್ಲಿ ಜಪಾನಿನ ಫುಸಯಾಮ ತೋರಿಸುವವರೆಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿಯೇ ಇತ್ತು.

ರಾಳದ ಬೇರುಗಳು

1968ರಲ್ಲಿ ಬುವೊನೊಕೋರ್, ಮಾಟ್ಸುಯಿ ಮತ್ತು ಗ್ವಿನೆಟ್ ಅವರು ಆಮ್ಲ ಹಚ್ಚಿದ ಎನಾಮೆಲ್‌ಗೂ ರಾಳಕ್ಕೂ ನಡುವಿನ ಗಡಿಯನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದರು. ಎನಾಮೆಲ್ ತೂಕದಲ್ಲಿ ಸುಮಾರು ಶೇಕಡಾ 96ರಷ್ಟು ಖನಿಜದಿಂದ ಕೂಡಿದೆ. ಈ ಖನಿಜ ಸುಮಾರು 5 ಮೈಕ್ರೋಮೀಟರ್ ದಪ್ಪದ ಕಡ್ಡಿಗಳಾಗಿ ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತದೆ. ಆಮ್ಲವು ಎಲ್ಲ ಕಡೆ ಒಂದೇ ಸಮನಾಗಿ ಕರಗಿಸುವುದಿಲ್ಲ. ಕೆಲವೆಡೆ ಕಡ್ಡಿಯ ತಿರುಳು ಹೆಚ್ಚು ಕರಗುತ್ತದೆ, ಕೆಲವೆಡೆ ಅಂಚು ಹೆಚ್ಚು ಕರಗುತ್ತದೆ. ಹೀಗೆ ಮೇಲ್ಮೈ ಜೇನುಗೂಡಿನಂತೆ ರಂಧ್ರಮಯವಾಗುತ್ತದೆ. ದ್ರವರೂಪದ ರಾಳ ಆ ರಂಧ್ರಗಳಿಗೆ ಇಳಿದು ಗಟ್ಟಿಯಾದಾಗ ಸಾವಿರಾರು ಪುಟ್ಟ ಬೇರುಗಳು ಹಲ್ಲಿನೊಳಗೆ ನಾಟಿಕೊಂಡಂತಾಗುತ್ತದೆ. ಅಂದರೆ ಅಂಟುವಿಕೆ ಮುಖ್ಯವಾಗಿ ರಾಸಾಯನಿಕ ಬಂಧವಲ್ಲ, ಯಾಂತ್ರಿಕ ಹಿಡಿತ. 1955ರಲ್ಲಿ ತಾವೇ ಸೂಚಿಸಿದ್ದ ಕಾರಣಗಳಲ್ಲಿ ಕೆಲವನ್ನು ಬುವೊನೊಕೋರ್ ಹೀಗೆ ತಾವೇ ಹಿಂದಕ್ಕೆ ಸರಿಸಿದಂತಾಯಿತು.

ಬಿರುಕು ಮುಚ್ಚುವ ಲೇಪ

ಮಕ್ಕಳಲ್ಲಿ ಹುಳುಕು ಮೊದಲು ಕಾಣಿಸುವುದು ದವಡೆ ಹಲ್ಲಿನ ಅಗಿಯುವ ಮೇಲ್ಮೈಯ ಬಿರುಕುಗಳಲ್ಲಿ. ಹಲ್ಲುಜ್ಜುವ ಬ್ರಶ್ಶಿನ ಎಳೆ ಅಲ್ಲಿಗೆ ತಲುಪುವುದಿಲ್ಲ, ಫ್ಲೋರೈಡ್‌ನ ಪ್ರಯೋಜನವೂ ಅಲ್ಲಿ ಕಡಿಮೆ. ಹುಳುಕು ಬರುವ ಮೊದಲೇ ಈ ಬಿರುಕುಗಳನ್ನು ರಾಳದಿಂದ ಮುಚ್ಚಿಬಿಡುವ ಕಲ್ಪನೆ 1955ರ ಲೇಖನದಲ್ಲೇ ಮೊಳಕೆಯೊಡೆದಿತ್ತು. ಕುಯೆಟೊ ಅವರೊಂದಿಗೆ ಬುವೊನೊಕೋರ್ 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಮ್ಲ ಹಚ್ಚಿದ ಬಿರುಕುಗಳನ್ನು ಸಯನೊಅಕ್ರಿಲೇಟ್ ಮೂಲದ ಅಂಟಿನಿಂದ ಮುಚ್ಚಲಾಯಿತು. ಒಂದು ವರ್ಷದ ಬಳಿಕ ಹುಳುಕು ಶೇಕಡಾ 86ರಷ್ಟು ಕಡಿಮೆಯಾಗಿತ್ತು. ಆದರೆ ಆ ಅಂಟು ಬಾಯಿಯ ತೇವದಲ್ಲಿ ಕ್ರಮೇಣ ಶಿಥಿಲವಾಗುತ್ತಿತ್ತು.

ಆಗ ಅವರು ಬಿಸ್-ಜಿಎಂಎ ರಾಳದತ್ತ ತಿರುಗಿದರು. ಅದನ್ನು ಅತಿನೇರಳೆ ಬೆಳಕಿನಿಂದ ಗಟ್ಟಿಗೊಳಿಸುವ ವಿಧಾನವನ್ನು 1970ರಲ್ಲಿ ವರದಿ ಮಾಡಿದರು. ಒಮ್ಮೆ ಮಾತ್ರ ಲೇಪ ಹಚ್ಚಿ ಎರಡು ವರ್ಷ ಗಮನಿಸಿದ ಅಧ್ಯಯನ 1971ರಲ್ಲಿ ಹೊರಬಂದಿತು. ಶಾಶ್ವತ ಹಲ್ಲುಗಳಲ್ಲಿ ಹುಳುಕು ಶೇಕಡಾ 99ರಷ್ಟು, ಹಾಲುಹಲ್ಲುಗಳಲ್ಲಿ ಶೇಕಡಾ 87ರಷ್ಟು ಕಡಿಮೆಯಾಗಿದೆಯೆಂದು ಅದು ತಿಳಿಸಿತು. ನ್ಯೂವಾ-ಸೀಲ್ ಎಂಬ ಹೆಸರಿನಲ್ಲಿ ಎಲ್. ಡಿ. ಕಾಲ್ಕ್ ಕಂಪನಿ ಈ ಲೇಪವನ್ನು ಮಾರುಕಟ್ಟೆಗೆ ತಂದಿತು. ನಂತರದ ಲೇಪಗಳು ಕಣ್ಣಿಗೆ ಹಾನಿಕರವಾದ ಅತಿನೇರಳೆ ಬೆಳಕನ್ನು ಕೈಬಿಟ್ಟು ನೀಲಿ ಬೆಳಕಿನಿಂದ ಗಟ್ಟಿಯಾಗುವಂತೆ ರೂಪುಗೊಂಡವು. ಇಷ್ಟಾದರೂ ಲೇಪದ ಬಳಕೆ ನಿಧಾನವಾಗಿಯೇ ಹಬ್ಬಿತು. ಇದು ಪರಿಣಾಮಕಾರಿ, ಆದರೆ ಸಾಕಷ್ಟು ಬಳಕೆಯಾಗುತ್ತಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ತಜ್ಞರ ಸಭೆ ಒಮ್ಮತದಿಂದ ಹೇಳಿದ್ದು 1983ರಲ್ಲಿ. ಅಷ್ಟರಲ್ಲಿ ಬುವೊನೊಕೋರ್ ತೀರಿಕೊಂಡು ಎರಡು ವರ್ಷಗಳಾಗಿದ್ದವು.

ವಕ್ರದಂತ ಚಿಕಿತ್ಸೆಯ ಮೇಲಿನ ಪ್ರಭಾವ

ಬುವೊನೊಕೋರ್ ಸ್ವತಃ ವಕ್ರದಂತ ಚಿಕಿತ್ಸಕರಲ್ಲದಿದ್ದರೂ ಅವರ ಸಂಶೋಧನೆಯ ಫಲವನ್ನು ಅತ್ಯಂತ ನಿಚ್ಚಳವಾಗಿ ಕಾಣುವುದು ಈ ವಿಭಾಗದಲ್ಲಿಯೇ. ಎಡ್ವರ್ಡ್ ಆ್ಯಂಗಲ್ (1855–1930) ಅವರ ಕಾಲದಿಂದ ಬ್ರಾಕೆಟ್‌ಗಳನ್ನು ಲೋಹದ ಪಟ್ಟಿಗಳ ಮೇಲೆ ಬೆಸುಗೆ ಹಾಕಿ, ಪ್ರತಿ ಹಲ್ಲಿಗೂ ಒಂದೊಂದು ಉಂಗುರದಂತೆ ತೊಡಿಸಲಾಗುತ್ತಿತ್ತು. ಪಟ್ಟಿ ತೂರಿಸಲು ಮೊದಲು ಹಲ್ಲುಗಳ ನಡುವೆ ಜಾಗ ಮಾಡಬೇಕು. ಇದು ನೋವಿನ ಕೆಲಸ. ಪಟ್ಟಿಯ ಕೆಳಗಿನ ಸಿಮೆಂಟು ಕರಗಿದರೆ ಯಾರ ಕಣ್ಣಿಗೂ ಬೀಳದೆ ಹುಳುಕು ಬೆಳೆಯುತ್ತದೆ. ಚಿಕಿತ್ಸೆ ಮುಗಿದು ಪಟ್ಟಿ ತೆಗೆದಾಗ ಹಲ್ಲುಗಳ ನಡುವೆ ಸಂದು ಉಳಿಯುತ್ತದೆ. ಬಾಯಿತುಂಬ ಲೋಹ ತುಂಬಿಕೊಂಡು ಶಾಲೆಗೆ ಹೋಗುವ ಮಕ್ಕಳ ಮುಜುಗರವಂತೂ ಬೇರೆ.

ಆಮ್ಲ ಎಚಿಂಗ್ ಬಳಸಿ ಬ್ರಾಕೆಟ್ಟನ್ನು ಹಲ್ಲಿಗೆ ನೇರವಾಗಿ ಅಂಟಿಸಬಹುದೆಂದು ನ್ಯೂಜೆರ್ಸಿಯ ಜಾರ್ಜ್ ನ್ಯೂಮನ್ 1965ರಲ್ಲಿ ವರದಿ ಮಾಡಿದರು. ಅವರು ಎಪಾಕ್ಸಿ ಅಂಟನ್ನು ಬಳಸಿದ್ದರು. ಜಪಾನಿನ ಮಿಯುರಾ ಮತ್ತು ಸಂಗಡಿಗರು 1971ರಲ್ಲಿ ತೇವವಿರುವಲ್ಲಿಯೂ ಹಿಡಿಯುವ ಅಂಟೊಂದನ್ನು ಪರಿಚಯಿಸಿದರು. ಮುಂದಿನ ವರ್ಷಗಳಲ್ಲಿ ಮುಂಹಲ್ಲುಗಳ ಮೇಲಿನ ಪಟ್ಟಿಗಳು ಮಾಯವಾಗಿ, ಈಗ ಪಟ್ಟಿಯ ಬಳಕೆ ಬಹುತೇಕ ದವಡೆ ಹಲ್ಲುಗಳಿಗೆ ಸೀಮಿತವಾಗಿದೆ.

ಶೇಕಡಾ 85ರ ಮೂಲ ಸಾಂದ್ರತೆ ಮಾತ್ರ ಉಳಿಯಲಿಲ್ಲ. ತೀರ ಸಾಂದ್ರವಾದ ಆಮ್ಲ ಹೆಚ್ಚು ಆಳಕ್ಕೆ ಕೊರೆಯುತ್ತದೆ ಎಂಬ ಸಹಜ ಊಹೆ ತಪ್ಪೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಶೇಕಡಾ 30ರಿಂದ 40ರ ನಡುವಿನ ಆಮ್ಲವೇ ಹೆಚ್ಚು ಸಮರ್ಪಕವಾದ ಒರಟುತನವನ್ನು ಕೊಡುತ್ತದೆ. ಶೇಕಡಾ 27ಕ್ಕಿಂತ ಕಡಿಮೆ ಸಾಂದ್ರತೆಯಲ್ಲಿ ಸುಲಭವಾಗಿ ತೊಳೆದುಹೋಗದ ಕ್ಯಾಲ್ಸಿಯಂ ಲವಣ ಮೇಲ್ಮೈಯಲ್ಲಿ ಕೂರುತ್ತದೆಂದು ಚೌ ಮತ್ತು ಬ್ರೌನ್ 1973ರಲ್ಲಿ ತಿಳಿಸಿದರು. ಇಂದು ಸಾಮಾನ್ಯವಾಗಿ ಶೇಕಡಾ 37ರ ಜೆಲ್ ಅನ್ನು 15ರಿಂದ 30 ಸೆಕೆಂಡು ಹಚ್ಚಿ, ನೀರಿನಿಂದ ತೊಳೆದು, ಗಾಳಿಯಿಂದ ಒಣಗಿಸಲಾಗುತ್ತದೆ. ಹಲ್ಲು ಮಂಜು ಕವಿದ ಗಾಜಿನಂತೆ ಬೆಳ್ಳಗೆ ಕಂಡರೆ ಎಚಿಂಗ್ ಸರಿಯಾಗಿದೆ ಎಂದರ್ಥ. ಆ ಹಂತದಲ್ಲಿ ಒಂದು ಹನಿ ಎಂಜಲು ತಾಗಿದರೂ ರಂಧ್ರಗಳು ಮುಚ್ಚಿ ಕೆಲಸ ಕೆಡುತ್ತದೆ.

ಬ್ರಾಕೆಟ್‌ನ ವಿಷಯದಲ್ಲಿ ಅಂಟು ಬಲವಾದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಚಿಕಿತ್ಸೆ ಮುಗಿದ ಮೇಲೆ ಅದನ್ನು ಕೀಳಲೇಬೇಕು. ಆಗ ಎನಾಮೆಲ್ ಚೂರು ಕಿತ್ತುಬರಬಾರದು. ಬಾಯಿಯೊಳಗಿನ ಬಳಕೆಗೆ ಸುಮಾರು 6ರಿಂದ 8 ಮೆಗಾಪಾಸ್ಕಲ್ ಬಲ ಸಾಕೆಂದು ರೆನಾಲ್ಡ್ಸ್ 1975ರಲ್ಲಿ ಸೂಚಿಸಿದ ಅಳತೆಯನ್ನು ಇಂದಿಗೂ ಸಂಶೋಧಕರು ಆಧಾರವಾಗಿ ಬಳಸುತ್ತಾರೆ.

ಲೇಸರ್‌ನೊಂದಿಗೆ ಹೋಲಿಕೆ

ಆಮ್ಲ ಎಚಿಂಗ್‌ನಲ್ಲಿ ಹಲ್ಲಿನ ಮೇಲ್ಪದರದ ಸುಮಾರು 10 ಮೈಕ್ರೋಮೀಟರ್ ಎನಾಮೆಲ್ ನಷ್ಟವಾಗುತ್ತದೆ. ಖನಿಜ ಕಳೆದುಕೊಂಡ ಜಾಗ ರಾಳದಿಂದ ಮುಚ್ಚದೆ ಉಳಿದರೆ, ಮತ್ತು ಬ್ರಾಕೆಟ್‌ನ ಸುತ್ತ ಆಹಾರದ ಲೋಳೆ ಕೂಡಿದರೆ, ಬಿಳಿ ಮಚ್ಚೆಗಳು ಮೂಡಬಹುದು. ಎರಡು ವರ್ಷ ತಂತಿ ಕಟ್ಟಿಸಿಕೊಂಡು ಹಲ್ಲು ನೇರವಾದರೂ ಮಚ್ಚೆ ಉಳಿದುಬಿಟ್ಟರೆ ರೋಗಿಗೆ ಆಗುವ ನಿರಾಸೆ ಸಣ್ಣದಲ್ಲ. ಈ ಆತಂಕವೇ ಲೇಸರ್ ಎಚಿಂಗ್‌ನ ಹುಡುಕಾಟಕ್ಕೆ ಮುಖ್ಯ ಪ್ರೇರಣೆ.

ಥಿಯೋಡರ್ ಮೈಮನ್ 1960ರಲ್ಲಿ ಮೊದಲ ಲೇಸರ್ ಉರಿಸಿದ ನಾಲ್ಕೇ ವರ್ಷಗಳಲ್ಲಿ ಸ್ಟರ್ನ್ ಮತ್ತು ಸೋಗ್ನೀಸ್ ಮಾಣಿಕ್ಯ ಲೇಸರ್ ಅನ್ನು ಹಲ್ಲಿನ ಮೇಲೆ ಪ್ರಯೋಗಿಸಿದರು. ಅದೇ 1964ರಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್ ಅವರು ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರ್ ಕಂಡುಹಿಡಿದರು. ಲೇಸರ್ ತಗುಲಿದ ಎನಾಮೆಲ್ ಆಮ್ಲಕ್ಕೆ ಹೆಚ್ಚು ನಿರೋಧ ತೋರುತ್ತದೆ ಎಂಬ ಅವಲೋಕನ ಬೇಗನೆ ಸಂಶೋಧಕರನ್ನು ಆಕರ್ಷಿಸಿತು. ಆದರೆ ಆರಂಭದ ಲೇಸರ್‌ಗಳು ಹಲ್ಲನ್ನು ವಿಪರೀತ ಬಿಸಿ ಮಾಡುತ್ತಿದ್ದವು. ಹಲ್ಲಿನೊಳಗಿನ ತಿರುಳಿನ ತಾಪ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಏರಿದರೂ ಅದು ಸಾಯುವ ಅಪಾಯವಿದೆಯೆಂದು ಝ್ಯಾಕ್ ಮತ್ತು ಕೊಹೆನ್ 1965ರಲ್ಲಿ ಕೋತಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು.

ಪರಿಸ್ಥಿತಿ ಬದಲಾದದ್ದು ಎರ್ಬಿಯಂ ಲೇಸರ್‌ಗಳಿಂದ. ಎರ್ಬಿಯಂ-ಯಾಗ್ ಲೇಸರ್‌ನ ತರಂಗದೂರ 2940 ನ್ಯಾನೋಮೀಟರ್. ನೀರು ಅತಿ ಹೆಚ್ಚು ಹೀರಿಕೊಳ್ಳುವ ತರಂಗದೂರಕ್ಕೆ ಇದು ಬಹಳ ಹತ್ತಿರವಾಗಿದೆ. ಎನಾಮೆಲ್‌ನಲ್ಲಿ ಸಿಕ್ಕಿಕೊಂಡಿರುವ ಅಲ್ಪ ನೀರು ಥಟ್ಟನೆ ಆವಿಯಾಗಿ ಸೂಕ್ಷ್ಮ ಸ್ಫೋಟಗಳಾಗುತ್ತವೆ, ಖನಿಜದ ಕಣಗಳು ಹೊರಕ್ಕೆ ಚಿಮ್ಮುತ್ತವೆ. ಹೆಚ್ಚಿನ ಶಾಖ ಒಳಗೆ ಹರಡುವುದಿಲ್ಲ, ಜೊತೆಗೆ ನೀರಿನ ಸಿಂಪಡಣೆ ತಂಪು ಮಾಡುತ್ತಿರುತ್ತದೆ. ಹಿಬ್ಸ್ಟ್ ಮತ್ತು ಕೆಲ್ಲರ್ 1989ರಲ್ಲಿ ಇದರ ಪರಿಣಾಮವನ್ನು ವಿವರಿಸಿದರು. ಹಲ್ಲಿನ ಗಟ್ಟಿ ಭಾಗದ ಚಿಕಿತ್ಸೆಗೆ ಅಮೆರಿಕದಲ್ಲಿ 1997ರಲ್ಲಿ ಅನುಮತಿ ದೊರೆಯಿತು.

ಆದರೂ ಬ್ರಾಕೆಟ್ ಅಂಟಿಸುವಲ್ಲಿ ಲೇಸರ್ ಆಮ್ಲವನ್ನು ಸ್ಥಾನಪಲ್ಲಟಗೊಳಿಸಿಲ್ಲ. ಕೆಲವು ಅಧ್ಯಯನಗಳಲ್ಲಿ ಎರಡರ ಬಲ ಸಮಸಮವಾಗಿ ಬಂದಿದೆ, ಇನ್ನು ಕೆಲವುಗಳಲ್ಲಿ ಲೇಸರ್ ಹಿಂದೆ ಬಿದ್ದಿದೆ. ಕಿರಣದ ಶಕ್ತಿ, ಮಿಡಿತದ ಅವಧಿ, ತುದಿಯ ದೂರ, ನೀರಿನ ಪ್ರಮಾಣ ಇವುಗಳಲ್ಲಿ ಯಾವುದು ಬದಲಾದರೂ ಫಲಿತಾಂಶ ಬದಲಾಗುತ್ತದೆ. ಆಮ್ಲ ಹಚ್ಚಿದ ಜಾಗವೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ರಂಧ್ರಮಯವಾದರೆ, ಲೇಸರ್ ಬಿಂದುಬಿಂದುವಾಗಿ ಬಡಿಯುವುದರಿಂದ ಕೆಲವು ಜಾಗ ಹಾಗೇ ಉಳಿಯುತ್ತದೆ, ಕೆಲವೆಡೆ ಮೇಲ್ಮೈಯ ಕೆಳಗೆ ಬಿರುಕು ಬಿಡುತ್ತದೆ. ಆಮ್ಲನಿರೋಧದ ಲಾಭ ನಿಜವಾದರೂ ಯಂತ್ರದ ಬೆಲೆ, ರಕ್ಷಣಾ ಕನ್ನಡಕ, ತರಬೇತಿ ಇವೆಲ್ಲದರ ಎದುರು ಒಂದು ಸಣ್ಣ ಸಿರಿಂಜಿನ ಆಮ್ಲ ಇನ್ನೂ ಅಗ್ಗವೂ ನಂಬಲರ್ಹವೂ ಆಗಿದೆ.

ಕರ್ನಾಟಕದ ಸಂದರ್ಭ

ಕರ್ನಾಟಕದ ಮೊದಲ ದಂತವೈದ್ಯ ಕಾಲೇಜು 1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದಿಂದ ಆರಂಭವಾಯಿತು. ಬುವೊನೊಕೋರ್ ಅವರ ಲೇಖನ ಪ್ರಕಟವಾಗಿ ಆಗ ಮೂರು ವರ್ಷ ಕಳೆದಿತ್ತಷ್ಟೆ. ಉತ್ತರ ಕರ್ನಾಟಕದಲ್ಲಿ, 1916ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ಕೆಎಲ್ಇ ಸಂಸ್ಥೆಯು 1985ರಲ್ಲಿ ದಂತವೈದ್ಯ ಕಾಲೇಜನ್ನು ತೆರೆಯಿತು. ಈಗ ಕೆಎಲ್ಇ ವಿಶ್ವನಾಥ ಕತ್ತಿ ದಂತವಿಜ್ಞಾನ ಸಂಸ್ಥೆ ಎಂಬ ಹೆಸರಿನ ಈ ಕಾಲೇಜು ನೆಹರು ನಗರದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಆವರಣದಲ್ಲಿದೆ. ಬೆಳಗಾವಿ ನಗರ, ಖಾನಾಪುರ ಹಾಗೂ ಸುತ್ತಲಿನ ತಾಲ್ಲೂಕುಗಳವರಿಗೆ ಹತ್ತಿರದ ದಂತವೈದ್ಯ ಬೋಧನಾ ಆಸ್ಪತ್ರೆಗಳಲ್ಲಿ ಇದೂ ಒಂದು. ಇಂಥ ಕಾಲೇಜುಗಳ ವಕ್ರದಂತ ಚಿಕಿತ್ಸೆ, ಮಕ್ಕಳ ದಂತಚಿಕಿತ್ಸೆ ಮತ್ತು ಹಲ್ಲು ಭರ್ತಿಯ ವಿಭಾಗಗಳಲ್ಲಿ ಆಮ್ಲ ಎಚಿಂಗ್ ನಿತ್ಯದ ಕೆಲಸ.

ಈ ಭಾಗದಲ್ಲಿ ವಿಷಯಕ್ಕೆ ಇನ್ನೊಂದು ಮುಖವಿದೆ. ಗದಗ ಜಿಲ್ಲೆಯ ಮುಂಡರಗಿ, ಕೊಪ್ಪಳ, ರಾಯಚೂರು, ಬಾಗಲಕೋಟೆ, ವಿಜಯಪುರ ಮೊದಲಾದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಹಳ್ಳಿಗಳಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಇದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲುಗಳಲ್ಲಿ ಬಿಳಿ ಅಥವಾ ಕಂದು ಕಲೆಗಳು ಮೂಡುತ್ತವೆ. ಅಂಥ ಎನಾಮೆಲ್‌ನ ಹೊರಪದರ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ವೈದ್ಯರು ಎಚಿಂಗ್ ಸಮಯವನ್ನು ಹೆಚ್ಚಿಸುವುದು ಅಥವಾ ಹೊರಪದರವನ್ನು ಮೊದಲು ತೆಳುವಾಗಿ ಉಜ್ಜಿ ತೆಗೆಯುವುದು ಉಂಟು. ಪಠ್ಯಪುಸ್ತಕ ಹೇಳುವ 15 ಅಥವಾ 30 ಸೆಕೆಂಡಿನ ಲೆಕ್ಕ ಎಲ್ಲ ಹಲ್ಲಿಗೂ ಒಂದೇ ಅಲ್ಲವೆಂಬುದನ್ನು ಈ ನಾಡಿನ ವಿದ್ಯಾರ್ಥಿಗಳು ರೋಗಿಯ ಕುರ್ಚಿಯ ಬಳಿಯೇ ಕಲಿಯಬೇಕಾಗುತ್ತದೆ.

ಕೊನೆಯ ವರ್ಷಗಳು ಮತ್ತು ಸ್ಮರಣೆ

ದಂತವೈದ್ಯಕೀಯದಲ್ಲಿ ಅಂಟುಗಳ ಬಳಕೆಯನ್ನು ಕುರಿತು ಬುವೊನೊಕೋರ್ ಬರೆದ ಗ್ರಂಥ 1975ರಲ್ಲಿ ಪ್ರಕಟವಾಯಿತು. ಆ ವೇಳೆಗೆ ಆಮ್ಲ ಎಚಿಂಗ್ ಪ್ರಯೋಗಾಲಯದಿಂದ ಚಿಕಿತ್ಸಾಲಯಕ್ಕೆ ಬಂದಾಗಿತ್ತು. ಅವರು 1981ರಲ್ಲಿ ನಿಧನರಾದರು. ಅಮೆರಿಕದ ಅಕಾಡೆಮಿ ಆಫ್ ಆಪರೇಟಿವ್ ಡೆಂಟಿಸ್ಟ್ರಿ ಸಂಸ್ಥೆ ಅವರ ಹೆಸರಿನಲ್ಲಿ ಸ್ಮಾರಕ ಉಪನ್ಯಾಸ ಮಾಲೆಯನ್ನು ನಡೆಸುತ್ತಿದೆ. ಆ ಉಪನ್ಯಾಸಗಳು ಆಪರೇಟಿವ್ ಡೆಂಟಿಸ್ಟ್ರಿ ಪತ್ರಿಕೆಯಲ್ಲಿ ಪ್ರಕಟವಾಗುತ್ತವೆ.